ಗದ್ದುಗೆಯ ಮೇಲಿನ ಕೈಗಡಿಯಾರ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ದೊಡ್ಡದೆಂದು ಹೇಳಿಕೊಳ್ಳಲು ಅಲ್ಲಿ ಇದ್ದದ್ದು ಒಂದೇ, ಒಲೆ. ಹಸಿದು ಬಂದವರು ಯಾರೇ ಇರಲಿ, ಬಿಸಿ ರೊಟ್ಟಿ ಸಿಗುತ್ತಿತ್ತು.

ಈಗ ಆ ಒಲೆ ಆರಿತ್ತು. ಮಠದ ಅಡವಯ್ಯಜ್ಜ ಹಾಸಿಗೆ ಹಿಡಿದಿದ್ದರು. ಶಿಷ್ಯ ಗುರುಪಾದ ಅವರ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಬಂದವರು ಬಾಗಿಲಲ್ಲೇ ಕೈಮುಗಿದು ಹಸಿದೇ ಮರಳುತ್ತಿದ್ದರು.

"ಒಲಿ ಹಚ್ಚೋ," ಎನ್ನುತ್ತಿದ್ದರು ಅಜ್ಜ.

"ಮೊದಲ ನೀವು ಆರಾಮಾಗ್ರಿ ಅಜ್ಜಾರ. ಆಮ್ಯಾಲೆ ಎಲ್ಲಾ," ಎನ್ನುತ್ತಿದ್ದ ಗುರುಪಾದ.

ಅವನಿಗೆ ಅಜ್ಜನೇ ತಾಯಿ, ಅಜ್ಜನೇ ತಂದೆ. ಅಜ್ಜನಿಲ್ಲದ ಮಠವನ್ನು ನೆನೆಯುವುದೂ ಅವನಿಂದ ಆಗುತ್ತಿರಲಿಲ್ಲ.

ಅಜ್ಜನ ಗುರುಗಳಿದ್ದರಲ್ಲ, ಹಿರಿಯಜ್ಜ, ಅವರು ಒಂದು ಬಂಗಾರದ ಕೈಗಡಿಯಾರ ಕಟ್ಟುತ್ತಿದ್ದರು. ಭಕ್ತರೊಬ್ಬರು ಕೊಟ್ಟದ್ದು. ಅವರು ಲಿಂಗೈಕ್ಯರಾದ ಮೇಲೆ ಜನ ಅದನ್ನು ಅವರ ಸಮಾಧಿಯ ಗದ್ದುಗೆಯ ಮೇಲಿಟ್ಟು ಪೂಜಿಸತೊಡಗಿದರು. ವಿಭೂತಿ, ಹೂವು, ದಿನಾ ನೀರು. ಗಡಿಯಾರಕ್ಕೆ ಅಭಿಷೇಕ! ಒಳಗೆಲ್ಲ ತುಕ್ಕು ಹಿಡಿದು ಅದು ಯಾವತ್ತೋ ನಿಂತುಹೋಗಿತ್ತು.

ಗುರುಪಾದನ ತಲೆಗೆ ಒಂದು ಮಾತು ಹೊಕ್ಕಿತು. ಹಿರಿಯಜ್ಜನ ಗಡಿಯಾರ ನಡೆದರೆ ನನ್ನ ಅಜ್ಜ ಉಳಿಯುತ್ತಾರೆ. ಹಾಗೆಂದು ಗದ್ದುಗೆಯ ಮುಂದೆ ಹರಕೆ ಹೊತ್ತ. ಗಡಿಯಾರವನ್ನು ಹುಬ್ಬಳ್ಳಿಗೆ ಒಯ್ದು ರಿಪೇರಿಗೆ ಕೊಟ್ಟ.

ಅದು ಮರಳಿ ಕೈಗೆ ಬಂದಾಗ ಗುರುತೇ ಸಿಗಲಿಲ್ಲ. ಗಾಜು ತಿಳಿಯಾಗಿತ್ತು. ಬಂಗಾರ ಬೆಳಗುತ್ತಿತ್ತು.

"ಆಟೋಮ್ಯಾಟಿಕ್ ಐತ್ರಿ ಇದು," ಎಂದ ರಿಪೇರಿಯವನು. "ಚಾವಿ ಕೊಡೂದು ಬ್ಯಾಡ, ತಾನ ನಡೀತೈತಿ. ಕೈಗೆ ಕಟ್ಟಿಕೊಂಡ್ರ ಸಾಕು, ಕೈ ಆಡಿದಂಗ ಅದಕ್ಕ ಚಾವಿ ತುಂಬತೈತಿ."

ತಾನ ನಡೀತೈತಿ! ಅಷ್ಟು ಕೇಳಿದ್ದೇ ತಡ, ಗುರುಪಾದನ ಕಣ್ಣು ತುಂಬಿ ಬಂದವು. ಉಳಿದ ಮಾತು ಕಿವಿಗೆ ಬೀಳಲೇ ಇಲ್ಲ. ಬಿದ್ದಿದ್ದರೂ ಅಷ್ಟೇ, ಗುರುವಿನ ವಸ್ತುವನ್ನು ಕೈಗೆ ಕಟ್ಟಿಕೊಳ್ಳುವ ಧೈರ್ಯ ಅವನಿಗೆಲ್ಲಿತ್ತು? ಮಠಕ್ಕೆ ಬಂದವನೇ ಗದ್ದುಗೆಯ ಮೇಲೆ ರೇಷ್ಮೆ ವಸ್ತ್ರ ಹಾಸಿ, ಗಡಿಯಾರ ಇಟ್ಟು, ಉದ್ದಂಡ ನಮಸ್ಕಾರ ಹಾಕಿದ.

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮರುದಿನವೂ ಎನ್ನುತ್ತಿತ್ತು. ಅದರ ಮರುದಿನ ಕಿವಿಯಿಟ್ಟರೆ ಸದ್ದಿಲ್ಲ.

ಗುರುಪಾದ ಅದನ್ನು ಎತ್ತಿಕೊಂಡು ಅಜ್ಜನ ಬಳಿಗೆ ಓಡಿದ.

"ನಿಂತೈತ್ರಿ ಅಜ್ಜಾರ! ನಿಂತುಬಿಟ್ಟೈತಿ!" ಎಂದು ಅಳುತ್ತ ಹರಕೆಯ ಸಂಗತಿಯನ್ನೆಲ್ಲ ಹೇಳಿದ.

ಅಜ್ಜ ಗಡಿಯಾರ ಇಸಿದುಕೊಂಡು ನೋಡಿದರು.

"ಇದಕ್ಕ ಏನಂತಾರೋ?"

"ಕೈಗಡಿಯಾರ ಅಂತಾರ್ರಿ."

"ಮತ್ತ ಕೈ ಎಲ್ಲೈತಿ?"

ಗುರುಪಾದ ಕಣ್ಣೊರೆಸಿಕೊಂಡ. ತಿಳಿಯಿತು ಅಂದುಕೊಂಡ. ಗಡಿಯಾರವನ್ನು ಅಜ್ಜನ ಕೈಗೇ ಕಟ್ಟಿದ. ಪಟ್ಟಿಯ ಕೊನೆಯ ತೂತಿಗೆ ಹಾಕಿದರೂ ಸಡಿಲವೇ, ಅಷ್ಟು ಬಡಕಲಾಗಿತ್ತು ಆ ಕೈ. ಕಟ್ಟುವಾಗ ಅಲುಗಾಡಿದ್ದಕ್ಕೋ ಏನೋ, ಗಡಿಯಾರ ಮತ್ತೆ ಸದ್ದು ಮಾಡಿತು.

"ನಡೀತ್ರಿ ಅಜ್ಜಾರ! ನಿಮ್ಮ ಕೈಯಾಗ ನಡೀತು!"

ಅಜ್ಜನ ಕೈ ಹೊದ್ದ ಕೌದಿಯ ಮೇಲೆ ಇಟ್ಟಲ್ಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಗಡಿಯಾರ ಮತ್ತೆ ನಿಂತಿತು.

ಗುರುಪಾದ ಬಗ್ಗಿ ಆ ಕೈಗೆ ಕಿವಿಯಿಟ್ಟ. "ನಿಮ್ಮ ಕೈಯಾಗೂ ನಿಂತಿತಲ್ರಿ..."

"ಗಡಿಯಾರ ನೆಟ್ಟಗೈತಿ," ಎಂದರು ಅಜ್ಜ. "ಈ ಕೈ ದುಡದು ಮುಗೀತಪಾ."

ಗುರುಪಾದ ಕೌದಿಯಲ್ಲಿ ಮುಖ ಹುದುಗಿಸಿ ಅತ್ತ. ಅಜ್ಜ ಅವನನ್ನು ಅಳಲು ಬಿಟ್ಟರು.

ಅಷ್ಟರಲ್ಲಿ ಬಾಗಿಲಲ್ಲಿ ಮಂದಿ ಬಂದು ನಿಂತ ಸಪ್ಪಳ. ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟವರು. ಬಗಲಲ್ಲಿ ಕೂಸು ಎತ್ತಿಕೊಂಡ ಹೆಂಗಸರೂ ಇದ್ದರು.

"ಯಪ್ಪಾ, ಒಂದೀಟು ಊಟ ಸಿಗತೈತೇನ್ರಿ?" ಎಂದಳು ಒಬ್ಬ ಮುದುಕಿ.

ಅಜ್ಜ ಗಡಿಯಾರದ ಕೈ ಮುಂದೆ ಮಾಡಿದರು. "ಬಿಚ್ಚು."

ಗುರುಪಾದ ಬಿಚ್ಚಿದ.

"ಬಲಗೈ ತಾ."

"ಬ್ಯಾಡ್ರಿ ಅಜ್ಜಾರ! ಅದು ಹಿರಿಯಜ್ಜಾರದು. ಗದ್ದುಗಿ ಮ್ಯಾಲಿಂದು. ನಂದು ಮುಸುರಿ ತಿಕ್ಕೂ ಕೈ."

"ಹಿರಿಯಜ್ಜಾರ ಕೈ ಎಂಥಾದ್ದಂತ ತಿಳದೀಯೋ, ಹುಚ್ಚಪ್ಪಾ? ಈ ಪಟ್ಟಿ ತುಂಬ ಹಿಟ್ಟ ಮೆತ್ತಿರತಿತ್ತು. ರೊಟ್ಟಿ ಬಡಿಯೂ ಮುಂದ ಸುದ್ದಾ ಬಿಚ್ಚತಿರಲಿಲ್ಲ ಅವರು."

ಗುರುಪಾದ ಕೈ ಚಾಚಿದ. ಅಜ್ಜ ತಾವೇ ಪಟ್ಟಿ ತೂರಿಸಿದರು. ಬಹಳ ಹೊತ್ತು ಹಿಡಿಯಿತು. ಗುರುಪಾದ ನೆರವಿಗೆ ಎಡಗೈ ತಂದರೆ, ಆ ಕೈಯನ್ನು ಮೆಲ್ಲಗೆ ಸರಿಸಿದರು.

"ಒಲಿ ಹಚ್ಚು, ಹೋಗು."

ಅವನು ಒಲೆ ಹಚ್ಚಿದ. ಕಟ್ಟಿಗೆ ಹಸಿ, ಹೊಗೆಯೋ ಹೊಗೆ. ಕಣ್ಣೀರು ಹೊಗೆಯದೋ ದುಃಖದ್ದೋ, ಅವನಿಗೇ ತಿಳಿಯಲಿಲ್ಲ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದ. ಮೊದಲ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ಆಮೇಲೆ ಕೈ ಕುದುರಿತು.

ಮಂದಿ ಸಾಲಾಗಿ ಕುಳಿತರು. ಕೂಸುಗಳು ಅಳು ನಿಲ್ಲಿಸಿದವು. ಗುರುಪಾದ ಬಡಿದ, ಬೇಯಿಸಿದ, ಬಡಿಸಿದ, ಮತ್ತೆ ಬಂದು ಬಡಿದ. ಗಡಿಯಾರದ ನೆನಪೇ ಅವನಿಗೆ ಉಳಿಯಲಿಲ್ಲ.

ಹಣೆಯ ಬೆವರು ಒರೆಸಲು ತೋಳು ಎತ್ತಿದಾಗ ಕಿವಿಯ ಹತ್ತಿರವೇ ಸದ್ದು ಕೇಳಿಸಿತು. ಟಿಕ್ ಟಿಕ್.

ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಣಿಕಟ್ಟನ್ನು ಅಜ್ಜನ ಕಿವಿಗೆ ಹಿಡಿದ.

"ಕೇಳ್ರಿ ಅಜ್ಜಾರ! ನಡ್ಯಾಕತ್ತೈತಿ!"

ಅಜ್ಜ ಕಣ್ಣು ಮುಚ್ಚಿ ಕೇಳಿದರು. ಅವರ ಉಸಿರು ಒಮ್ಮೆ ಬರುತ್ತಿತ್ತು, ಒಮ್ಮೆ ತಡೆಯುತ್ತಿತ್ತು. ಗುರುಪಾದ ಅದನ್ನೂ ಕಂಡ.

"ನೀವು ಆರಾಮಾಗ್ತೀರಿ, ಹೌದಲ್ರಿ? ನನ್ನ ಬಿಟ್ಟು ಹೋಗಬ್ಯಾಡ್ರಿ. ಈಗ ಕೈ ತೊಳಕೊಂಡು ಬರತೀನಿ, ನಿಮ್ಮ ಹಂತೇಕನ ಕುಂಡ್ರತೀನಿ."

ಅಜ್ಜ ಆ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡರು. ಬಾಗಿಲಲ್ಲಿ ಮತ್ತೆ ಯಾರೋ ಬಂದು ನಿಂತಿದ್ದರು.

"ಕೈ ತೊಳಕೋಬ್ಯಾಡೋ," ಎಂದರು. "ಇನ್ನೊಂದು ಪಂಕ್ತಿ ಐತಿ."