ಸೊಸೆಯ ಸಾರು

ಕೇಳಿದವನು ತಪ್ಪು ಕೇಳಲಿಲ್ಲ, ಹೇಳಿದವಳು ಸುಳ್ಳು ಹೇಳಲಿಲ್ಲ. ಆದರೂ ಇಬ್ಬರ ನಡುವೆ ಒಂದು ಸುಳ್ಳು ಹುಟ್ಟಿತು. ಆ ಸುಳ್ಳಿನ ಅಪ್ಪ ಯಾರು?

ಬಾಯಿ ಕ್ಯಾನ್ಸರ್ ತಪಾಸಣೆಯ ಶಿಬಿರದಲ್ಲಿ ದೊಡ್ಡ ಡಾಕ್ಟರು ಈ ಒಗಟು ಹಾಕಿದ್ದು ಶಿಷ್ಯ ಯೋಗೀಂದ್ರನಿಗೆ. ಅವನು ತರಬೇತಿಗೆ ಬಂದ ಕಿರಿಯ ಡಾಕ್ಟರು. ಬಂದವರೆಲ್ಲರ ಬಾಯಿ ತೆರೆಸಿ ನೋಡು ಎಂದು ಗುರುಗಳು ಹೇಳಿದ್ದರು. ಅದಕ್ಕೆ ಅವನು ಕೇಳಿದ್ದ:

"ಸರ್, ತಂಬಾಕು ತಿನ್ನಲ್ಲ, ನೋವೂ ಇಲ್ಲ ಅಂದವರ ಬಾಯಿ ಯಾಕೆ ತೆರೆಸಬೇಕು? ಬೆಳಿಗ್ಗೆಯಿಂದ ಅಂಥವರನ್ನೆಲ್ಲ ಹಾಗೇ ಕಳಿಸಿದೀನಿ."

ಒಗಟು ಅವನಿಗೆ ಒಡೆಯಲಿಲ್ಲ. ಗುರುಗಳು ಕತೆ ಹೇಳಿದರು.

ಒಬ್ಬ ಡಾಕ್ಟರಿದ್ದ. ಅವನ ಬಳಿ ಹೂ ಮಾರುವ ಮುದುಕಿಯೊಬ್ಬಳು ಮಂಡಿನೋವೆಂದು ಬಂದಳು. ತಂಬಾಕು ತಿನ್ನುತ್ತೀಯಾ ಅವ್ವ ಎಂದು ಕೇಳಿದ.

"ಥೂ, ಅದು ಗಂಡಸರ ಚಟ ಕಣಪ್ಪಾ," ಅಂದಳು.

ಬಾಯಲ್ಲಿ ನೋವಿದೆಯೇ ಎಂದ. ನೋವಿದ್ದರೆ ಹೀಗೆ ಮಾತಾಡುತ್ತಿದ್ದೆನೇ ಎಂದು ಅವನನ್ನೇ ಕೇಳಿದಳು. ಅವಳ ಬಾಯಿಗೆ ಇದ್ದ ಕಷ್ಟವೆಲ್ಲ ಸೊಸೆಯದಂತೆ. ಈಚೆಗೆ ಬೇಕಂತಲೇ ಸಾರಿಗೆ ಖಾರ ಸುರಿಯುತ್ತಾಳೆ, ನಾಲಿಗೆಗೆ ಇಟ್ಟರೆ ಬೆಂಕಿ, ಅದೇ ಸಾರನ್ನು ಮಗ ಚಪ್ಪರಿಸಿಕೊಂಡು ಉಣ್ಣುತ್ತಾನೆ. ಡಾಕ್ಟರಿಗೆ ನಗು ಬಂತು. ಸೊಸೆಗೆ ನನ್ನ ಹತ್ತಿರ ಮದ್ದಿಲ್ಲ ಎಂದು, ಮಂಡಿಗೆ ಮಾತ್ರೆ ಕೊಟ್ಟು ಕಳಿಸಿದ.

ಕುರ್ಚಿಯ ಮೇಲೆ ಅವಳ ಎಲೆಯಡಿಕೆ ಚೀಲ ಉಳಿದಿತ್ತು. ಬಿಚ್ಚಿದ. ಎಲೆ, ಅಡಿಕೆ, ಸುಣ್ಣದ ಡಬ್ಬಿ. ತಳದಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ. ಅದನ್ನು ಅವಳ ಮನೆಯಲ್ಲಿ ಯಾರೂ ತಂಬಾಕು ಅನ್ನುವುದಿಲ್ಲ. ಎಲೆಯಡಿಕೆ ಅನ್ನುತ್ತಾರೆ. ಸುಳ್ಳು ಹುಟ್ಟಿದ್ದು ಆ ಹೆಸರಿಗೆ.

ಆಗ ಡಾಕ್ಟರಿಗೆ ಸಾರು ನೆನಪಾಯಿತು. ಸಾರು ಖಾರವಾಗಿರಲಿಲ್ಲ.

ಚೀಲ ಹಿಡಿದು ಓಡಿದ. ಅವಳು ಹತ್ತಿದ ಬಸ್ಸು ಹೊರಟಿತ್ತು. ಕೂಗಿದ, ಹಿಂದಿನಿಂದ ಬಡಿದ. ಬಸ್ಸು ನಿಂತಿತು. ಮುದುಕಿಯನ್ನು ಇಳಿಸಿ ರಸ್ತೆಯಲ್ಲೇ ಬಾಯಿ ತೆರೆಸಿದ. ಕೆನ್ನೆಯ ಒಳಗೆ ಅವರೆಕಾಳಿನಷ್ಟು ಕೆಂಪು ಮಚ್ಚೆ. ಕಾಲಕ್ಕೆ ಸರಿಯಾಗಿ ಸಿಕ್ಕಿತು. ಅವಳು ಉಳಿದಳು, ಇವತ್ತಿಗೂ ಸೊಸೆಯನ್ನು ಬೈಯುತ್ತಿದ್ದಾಳೆ.

ಯೋಗೀಂದ್ರ ಉಸಿರು ಬಿಟ್ಟ. ಆಮೇಲೆ ಬಾಗಿಲಾಚೆಯ ಬೆಂಚು ನೋಡಿದ. ಬೆಳಿಗ್ಗೆ ಬಂದವರು ಯಾರೂ ಅಲ್ಲಿರಲಿಲ್ಲ. ಸದ್ಯ ಬಸ್ಸು ನಿಂತಿತಲ್ಲ ಸರ್ ಎಂದು ಮೆಲ್ಲಗೆ ಅಂದ.

"ಚೀಲದವರೆಗೆ ನಡೆದದ್ದೇ ಕಣಯ್ಯಾ, ಬಸ್ಸು ನಿಂತದ್ದು ನಾನು ಕಟ್ಟಿ ಹೇಳಿದ್ದು."