ಹರಿಗೋಲಿಗೆ ಒಂದು ಮಾತು

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ. ಆಚೆ ದಡದಲ್ಲಿ ಹರಿಗೋಲು ಬಿಡುವ ಘಟ್ಟ. ನಡುವೆ ಗುಡ್ಡವೊಂದು ಅಡ್ಡ ನಿಂತು, ಹೊಳೆ ಅದನ್ನು ಬಳಸಿ ಹರಿಯುವುದರಿಂದ ಘಟ್ಟ ಇಲ್ಲಿಗೆ ಕಾಣದು.

ಆಶ್ರಮದ ಮೂಲಗುರುಗಳು ಇಲ್ಲಿ ಕುಳಿತು ಆಡಿದ ಮಾತು ಆಚೆ ದಡಕ್ಕೆ ಕೇಳಿಸುತ್ತಿತ್ತಂತೆ. ಆಗ ಹೊಳೆ ಎಷ್ಟು ಅಗಲವಿತ್ತೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗಿನ ಗುರುಗಳಾದ ಮಹಾಂತಯ್ಯನವರು, ಆಚೆ ದಡದವರ ಬಾಯಲ್ಲಿ ‘ಅಜ್ಜಾರು’, ಹವ್ಯಾಸಿಗಳ ಹ್ಯಾಮ್ ರೇಡಿಯೊಗೆ ಪರವಾನಗಿ ಪಡೆದವರು. ಗುಡ್ಡದ ನೆತ್ತಿಯ ಮೇಲೆ ಒಂದು ರಿಪೀಟರ್ ಇರಿಸಿದ್ದರು. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನ ಮಾತನ್ನು ಅದು ಒಂದು ತರಂಗದಲ್ಲಿ ಕೇಳಿಸಿಕೊಂಡು, ಇನ್ನೊಂದು ತರಂಗದಲ್ಲಿ ಎಲ್ಲ ದಿಕ್ಕಿಗೂ ಹೇಳುತ್ತಿತ್ತು; ಮಾತನಾಡಿದವರು ಗುಂಡಿ ಬಿಟ್ಟೊಡನೆ ತಾನೇ ‘ಟುಂಯ್’ ಎನ್ನುತ್ತಿತ್ತು.

ಶಿಷ್ಯ ಶಂಭುಲಿಂಗ ಆಗಷ್ಟೇ ಪರೀಕ್ಷೆ ಮುಗಿಸಿ ಪರವಾನಗಿ ಪಡೆದಿದ್ದ. ಆದರೂ ಒಂದು ಸಂಗತಿ ಅವನಿಗೆ ಬಗೆಹರಿದಿರಲಿಲ್ಲ.

“ಗುರುಗಳೇ, ನಾನು ಮಾತನಾಡುವಾಗ ಆಚೆಯವರಿಗೆ ಕೇಳಿಸುವುದು ನನ್ನ ದನಿಯೋ, ಗುಡ್ಡದ ದನಿಯೋ?”

“ಆಚೆಯವರನ್ನು ವಿಚಾರಿಸು.”

ಶಂಭುಲಿಂಗನಿಗೆ ಇನ್ನಷ್ಟು ಗೊಂದಲವಾಯಿತು.

ಒಂದು ಬೆಳಿಗ್ಗೆ ಮೇಲಿನ ಊರಿನಿಂದ ರೇಡಿಯೊದಲ್ಲಿ ಸುದ್ದಿ ಬಂತು: ಅಣೆಕಟ್ಟಿನ ಗೇಟು ತೆರೆದಿದ್ದಾರೆ, ನೀರು ಏರುತ್ತದೆ. ಮಳೆಗೆ ಫೋನುಗಳೆಲ್ಲ ನಿಂತುಹೋಗಿದ್ದವು. ಅಂದು ಆಶ್ರಮದ ಪ್ರಸಾದಕ್ಕೆಂದು ಆಚೆ ದಡದ ಜನ ಹರಿಗೋಲಿನಲ್ಲಿ ಬರುವವರಿದ್ದರು.

“ಹರಿಗೋಲು ಬಿಡಬಾರದೆಂದು ಘಟ್ಟಕ್ಕೆ ತಿಳಿಸು. ತಡ ಮಾಡಬೇಡ,” ಎಂದು ಹೇಳಿ ಗುರುಗಳು ತಗ್ಗಿನ ಕೊಟ್ಟಿಗೆಯ ದನಗಳನ್ನು ಬಿಚ್ಚಲು ಹೋದರು.

ಆಶ್ರಮದಿಂದ ಹೊರಡುವ ಯಾವ ಮಾತಾದರೂ ಗುರುಪರಂಪರೆಯ ನಮನದಿಂದಲೇ ಆರಂಭವಾಗಬೇಕು. ಬದನೆಕಾಯಿಯ ಬೆಲೆ ಕೇಳುವಾಗಲೂ ಅಲ್ಲಿಯವರು ಅದನ್ನು ಬಿಟ್ಟವರಲ್ಲ.

ಶಂಭುಲಿಂಗ ಪಾದರಕ್ಷೆ ಕಳಚಿದ. ಸೆಟ್ಟಿನ ಗುಂಡಿ ಒತ್ತಿದ. ಮೂಲಗುರುಗಳಿಂದ ಆರಂಭಿಸಿ, ಒಬ್ಬೊಬ್ಬರ ಬಿರುದನ್ನೂ ಬಿಡದೆ, ಮಹಾಂತಯ್ಯನವರವರೆಗೆ ನಮಿಸಿದ. ಬಳಿಕ ಸುದ್ದಿಯನ್ನು ಸ್ಪಷ್ಟವಾಗಿ ಹೇಳಿ ಹೆಬ್ಬೆರಳು ತೆಗೆದ.

ಸೆಟ್ಟಿನಲ್ಲಿ ‘ಟುಂಯ್’ ಎಂದಿತು.

ಗುರುಗಳು ಕೆಸರುಗಾಲಿನಲ್ಲಿ ಮರಳಿದರು. “ತಿಳಿಸಿದೆಯಾ?”

“ತಿಳಿಸಿದೆ ಗುರುಗಳೇ. ಉತ್ತರವೂ ಬಂತು.”

“ಯಾರು ಉತ್ತರಿಸಿದರು?”

“ಗುಡ್ಡ. ಟುಂಯ್ ಎಂದಿತು.”

“ಹರಿಗೋಲು ನಡೆಸುವುದು ಗುಡ್ಡವೇ?”

ಶಂಭುಲಿಂಗ ಕೈಯಲ್ಲಿದ್ದ ಸೆಟ್ಟನ್ನು ನೋಡಿದ.

ಗುರುಗಳು ಸೆಟ್ಟು ತೆಗೆದುಕೊಂಡರು. ಗುಂಡಿ ಒತ್ತಿ, ಗುಡ್ಡದ ಯಂತ್ರ ಎಚ್ಚರಗೊಳ್ಳಲೆಂದು ಒಂದು ಉಸಿರಿನಷ್ಟು ತಡೆದು, ಪರವಾನಗಿಯೊಂದಿಗೆ ಬಂದ ತಮ್ಮ ಕರೆಗುರುತು ಹೇಳಿದರು. ಘಟ್ಟದಲ್ಲಿದ್ದವಳು ಅಂಬಿಗನ ಮಗಳು ಗೌರವ್ವ, ಅವಳೂ ಪರವಾನಗಿ ಪಡೆದವಳೇ.

“ಗೌರವ್ವ, ಹರಿಗೋಲು ಬಿಡಬೇಡಿ. ಅಣೆಕಟ್ಟಿನ ಗೇಟು ತೆರೆದಿದ್ದಾರೆ. ಓವರ್.”

ಟುಂಯ್. ಮತ್ತೆ ಏನೂ ಇಲ್ಲ.

ಶಂಭುಲಿಂಗ ಆತುರದಿಂದ ಸೆಟ್ಟಿಗೆ ಕೈ ಚಾಚಿದ. “ಇನ್ನೊಮ್ಮೆ ಹೇಳಿಬಿಡಲೇ?”

ಗುರುಗಳು ಅವನ ಮಣಿಕಟ್ಟು ಹಿಡಿದರು. “ಅವಳಿಗೂ ಜಾಗ ಬಿಡು.”

ಸೆಟ್ಟು ಗರಗರ ಎಂದಿತು. ಆಮೇಲೆ ಏದುಸಿರಿನ ದನಿ.

“ಕೇಳಿಸ್ತ್ರೀ ಅಜ್ಜಾರ! ಮೊದ್ಲ ಯಾರೋ ಗುರುನಾಮ ಹೇಳಾಕತ್ತಿದ್ರು, ನಡುವ ನಿಂತ್ ಹೋತು. ಅಜ್ಜಾರ ಆಶೀರ್ವಾದ ಆತು, ಇನ್ನ ಬಿಡೂಣು ಅಂತ ಅಪ್ಪ ಹಗ್ಗ ಬಿಚ್ಚಿದ್ದ. ಕೂಸಿನ ತಾಯಂದಿರೂ ಹತ್ತಿ ಕುಂತಿದ್ರು. ಈಗ ಎಲ್ಲಾರನ್ನೂ ಇಳಸಾಕತ್ತೀವ್ರೀ. ಓವರ್.”

ಶಂಭುಲಿಂಗ ಗುರುಗಳತ್ತ ತಿರುಗಿದ.

“ನಾನು ಎಲ್ಲವನ್ನೂ ಹೇಳಿದೆ ಗುರುಗಳೇ. ಬಿಡಬಾರದೆಂದೇ ಹೇಳಿದೆ.”

“ಒಬ್ಬರೇ ಮೂರು ನಿಮಿಷ ಮೀರಿ ಮಾತನಾಡಿದರೆ ಗುಡ್ಡದ ಯಂತ್ರ ಬಾಯಿ ಮುಚ್ಚಿಕೊಳ್ಳುತ್ತದೆ. ನಿನಗೆ ಅದು ತಿಳಿಯುವುದಿಲ್ಲ. ಒತ್ತಿಹಿಡಿದವನಿಗೆ ಏನೂ ಕೇಳಿಸದು.”

“ಗುರುಪರಂಪರೆಯನ್ನೇ ನಡುವೆ ತುಂಡರಿಸುವುದೇ! ಅದಕ್ಕೆ ಅಂಥ ಬುದ್ಧಿ ಕಲಿಸಿದವರು ಯಾರು?”

“ನಾನೇ. ನನ್ನ ಉದ್ದುದ್ದ ಪ್ರವಚನ ನೀನು ಕೇಳಿದ್ದೀಯಲ್ಲ.”

ಶಂಭುಲಿಂಗ ಕೇಳಿದ:

“ನಾನು ಎಲ್ಲರನ್ನೂ ಸ್ಮರಿಸಿದೆ, ಜನ ಮುಳುಗಲಿದ್ದರು. ನೀವು ಯಾರನ್ನೂ ಸ್ಮರಿಸಲಿಲ್ಲ, ಜನ ಉಳಿದರು. ಹಾಗಾದರೆ ನಮನವೇ ತಪ್ಪೇ? ಇನ್ನು ಮುಂದೆ ಯಾರ ಹೆಸರನ್ನು ಹೇಳಲಿ?”

ಗುರುಗಳು ಸೆಟ್ಟನ್ನು ಮತ್ತೆ ಅವನ ಅಂಗೈಯಲ್ಲಿಟ್ಟರು.

“ಹರಿಗೋಲಿನಲ್ಲಿ ಕುಳಿತಿದ್ದವರ ಹೆಸರುಗಳನ್ನು ಗೌರವ್ವನಲ್ಲಿ ಕೇಳಿ ತಿಳಿದುಕೊ. ಕೂಸುಗಳದ್ದನ್ನೂ ಬಿಡಬೇಡ.”