ಬೊಂಬೆಗೆ ಕೊಟ್ಟ ಹೆಸರು

"ಗುರುಗಳೇ, ಪ್ರವಚನ ಬರೆಯುವಾಗ ಕೇಳುಗರೊಬ್ಬರನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಬರೆಯುತ್ತೇನೆ. 'ಅವನು' ಎಂದರೆ ಹೆಂಗಸರು ಹೊರಗುಳಿಯುತ್ತಾರೆ. 'ಅವಳು' ಎಂದರೆ ಗಂಡಸರು. ಎರಡಕ್ಕೂ ಸೇರದವರಿಗಂತೂ ಜಾಗವೇ ಇಲ್ಲ. ಯಾರೂ ಹೊರಗುಳಿಯದ ಹಾಗೆ ಆ ಕೇಳುಗರಿಗೆ ಏನು ಹೆಸರಿಡಲಿ? ಏನೆಂದು ಕರೆಯಲಿ?"

ಶಿಷ್ಯ ಹೀಗೆ ಕೇಳಿದಾಗ ಗುರು ಅಕ್ಕಿ ಆರಿಸುತ್ತಿದ್ದರು. ಶಿಷ್ಯನ ಪುಸ್ತಕದ ಗಂಟನ್ನು ಬೆಟ್ಟದ ಬುಡದಿಂದ ಒಬ್ಬ ಮುದುಕಿ ಹೊತ್ತು ತಂದಿದ್ದಳು. "ಏ, ಅಲ್ಲಿಟ್ಟು ಆಚೆ ಕೂತಿರು" ಎಂದು ಅವಳಿಗೆ ಹೇಳಿಯೇ ಅವನು ಒಳಗೆ ಬಂದಿದ್ದ. ಅವಳು ಜಗಲಿಯಲ್ಲಿ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಇದಕ್ಕೊಂದು ಕತೆ ಇದೆ. ಸಿಹಿಯಾದದ್ದಲ್ಲ, ಬೇಕಾದರೆ ಕೇಳು" ಎಂದು ಗುರು ಮೊರವನ್ನು ಪಕ್ಕಕ್ಕಿಟ್ಟರು.

ಒಬ್ಬ ಕತೆಗಾರನಿದ್ದ. ಊರೂರಿಗೆ ಹೋಗಿ ಕತೆ ಹೇಳಿ ಹೊಟ್ಟೆ ಹೊರೆಯುವವನು. ಹೊಸ ಕತೆ ಕಟ್ಟಿದಾಗಲೆಲ್ಲ ಮೊದಲು ಮನೆಯಲ್ಲಿ ಚಾಪೆ ಹಾಸಿ, ಮರದ ಬೊಂಬೆಗಳನ್ನು ಸಾಲಾಗಿ ಕೂರಿಸಿ, ಅವುಗಳಿಗೆ ಹೇಳುತ್ತಿದ್ದ. ಅವೇ ಅವನ ಕೇಳುಗರು. ಒಂದೊಂದಕ್ಕೂ ಒಂದು ಹೆಸರು. ಕುರಿ ಕಾಯುವ ಬೀರಪ್ಪ, ಬಳೆ ಮಾರುವ ಹುಸೇನ್‌ಬಿ, ಗಂಡ ಸತ್ತ ನಿಂಗವ್ವ. "ಬೀರಪ್ಪಾ, ತಿಳಿಯಿತೇ?" ಎಂದು ಕೇಳುವನು. ಬೀರಪ್ಪನಿಗೆ ತಿಳಿದಿರಲಾರದು ಅನ್ನಿಸಿದರೆ ಮಾತು ಬದಲಿಸುವನು. ಊರಿಗೆ ಹೊರಟಾಗ ಅವನ್ನೂ ಒಯ್ದು, ಜನರ ಮುಂದೆ, ಮೊದಲ ಸಾಲಿನಲ್ಲಿ ಕೂರಿಸುವನು.

ಬೊಂಬೆಗಳ ಧೂಳು ಒರೆಸಿ ಬಟ್ಟೆ ಉಡಿಸುವುದು ಅವನ ಮಗುವಿನ ಕೆಲಸ. ಇದ್ದದ್ದು ಒಂದೇ ಮಗು, ಸಂಗಪ್ಪನೆಂದು ಹೆಸರಿಟ್ಟಿದ್ದರು. ನಿಂಗವ್ವನ ಸೆರಗು ಜಾರಿದರೆ ಮಗು ಓಡಿಬಂದು ಸರಿಮಾಡುತ್ತಿತ್ತು. ಆ ಸೆರಗು ತನ್ನ ಹೆಗಲ ಮೇಲೆ ಇರಬೇಕಾದದ್ದು ಎಂದು ಅದಕ್ಕೆ ಯಾವಾಗಿನಿಂದಲೋ ಗೊತ್ತಿತ್ತು. ಮೀಸೆ ಮೂಡುವ ವಯಸ್ಸಿಗೆ ಧೈರ್ಯ ಮಾಡಿ ಅಪ್ಪನ ಮುಂದೆ ನಿಂತಿತು.

"ಅಪ್ಪಾ, ನಾನು ಗಂಡಲ್ಲ. ನನ್ನ ಹೆಸರು ಚಂದ್ರವ್ವ. ಒಂದೇ ಒಂದು ಸಲ ಹಾಗೆ ಕರೆ."

"ಥೂ! ನಾಲ್ಕು ಜನರ ಮುಂದೆ ನಾನು ತಲೆಯೆತ್ತಿ ತಿರುಗಲೋ ಬೇಡವೋ?"

ಮೂರಕ್ಷರದ ಹೆಸರು. ಇಡೀ ಪುರಾಣ ಬಾಯಿಪಾಠವಿದ್ದ ಆ ಬಾಯಿಂದ ಅದೊಂದು ಹೊರಡಲಿಲ್ಲ ನೋಡು. ಚಂದ್ರವ್ವ ಮನೆ ಬಿಟ್ಟಳು. ತನ್ನಂಥವರ ಜೊತೆ ಸೇರಿ, ದೇವಿಯ ಹಾಡು ಹೇಳಿಕೊಂಡು ಬದುಕಿದಳು. ಅಲ್ಲಿ ಎಲ್ಲರೂ ಅವಳನ್ನು ಚಂದ್ರವ್ವ ಎಂದೇ ಕರೆದರು. ಆದರೂ ಅವಳ ಜೀವಕ್ಕೆ ಸಮಾಧಾನವಿಲ್ಲ. ಅಪ್ಪ ಕರೆಯಬೇಕು, ಅದೊಂದೇ ಹಟ. ಹುಚ್ಚು ಹುಡುಗಿ!

ಇತ್ತ ಒಂದು ಊರಿನಲ್ಲಿ ಕತೆ ಮುಗಿದ ಮೇಲೆ, ಚಂದ್ರವ್ವನಂಥವರೇ ಒಬ್ಬರು ಎದ್ದು ಕತೆಗಾರನನ್ನು ಕೇಳಿದರು: "ಕುರಿ ಕಾಯುವವನಿಗೆ ಬೊಂಬೆ ಇದೆ, ಬಳೆ ಮಾರುವವಳಿಗೆ ಇದೆ. ನಮ್ಮದೆಲ್ಲಿ?" ಜನ ಹೌದು ಹೌದು ಎಂದರು. ಕತೆಗಾರನಿಗೆ ಮುಖಭಂಗವಾಯಿತು. ಮನೆಗೆ ಬಂದವನೇ ಹೊಸ ಬೊಂಬೆ ಕೆತ್ತಿಸಿ ಹಸಿರು ಸೀರೆ ಉಡಿಸಿದ. ಇನ್ನು ಹೆಸರು ಬೇಕಲ್ಲ. ಎಷ್ಟು ತಲೆ ಕೆರೆದುಕೊಂಡರೂ ಅಂಥವರ ಹೆಸರು ಅವನಿಗೆ ಗೊತ್ತಿದ್ದುದು ಒಂದೇ. ಅದನ್ನೇ ಇಟ್ಟ. 'ನೀನು' ಎಂದರೆ ಹಗುರವಾದೀತೆಂದು 'ತಾವು' ಎಂದ. ಅಬ್ಬಾ, ಏನು ಮರ್ಯಾದೆ! ಎಂಥ ದೊಡ್ಡ ಮನಸ್ಸು ಎಂದು ಜನ ಶಾಲು ಹೊದಿಸಿದರು.

ಸುದ್ದಿ ಚಂದ್ರವ್ವನ ಕಿವಿಗೆ ಬಿತ್ತು. ಅಪ್ಪ ಊರೂರಲ್ಲಿ ನಿಂತು ಅವಳ ಹೆಸರು ಹೇಳುತ್ತಿದ್ದಾನಂತೆ! ಕೊನೆಗೂ ಅವನ ಮನಸ್ಸು ಕರಗಿತು ಎಂದು ಅವಳು ಅತ್ತುಬಿಟ್ಟಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಅವನು ಕತೆ ಹೇಳುವ ಊರಿಗೆ ನಡೆದಳು.

ಅವಳು ಹೋಗುವಷ್ಟರಲ್ಲಿ ಕತೆ ಶುರುವಾಗಿತ್ತು. ಹಿಂದೆ ನಿಂತುಕೊಂಡಳು. ನಡುವೆ ಕತೆಗಾರ ಹಸಿರು ಸೀರೆಯ ಬೊಂಬೆಯ ಮುಂದೆ ಬಾಗಿ ಕೈಮುಗಿದ.

"ಚಂದ್ರವ್ವನವರೇ, ತಮಗೆ ತಿಳಿಯಿತೇ?"

ಆ ದನಿ ಎಷ್ಟು ಮೆತ್ತಗಿತ್ತೆಂದರೆ ಅವಳಿಗೆ ತಡೆಯಲಾಗಲಿಲ್ಲ. "ತಿಳಿಯಿತಪ್ಪಾ" ಎಂದು ನಿಂತಲ್ಲಿಂದಲೇ ಕೂಗಿದಳು. "ಬಂದಿದ್ದೇನಪ್ಪಾ!"

ಕತೆಗಾರ ತಲೆಯೆತ್ತಿದ. ಗುರುತು ಹತ್ತಿತು. ಸೀರೆ ನೋಡಿದ, ಹೂ ನೋಡಿದ, ತಿರುಗಿ ನೋಡುತ್ತಿದ್ದ ಜನರನ್ನೂ ನೋಡಿದ.

"ಏ ಸಂಗಪ್ಪಾ, ಬಾಯಿ ಮುಚ್ಚಿಕೊಂಡು ಕೂತಿರು. ಕತೆ ಕೆಡಿಸಬೇಡ."

ಜನ ಗೊಳ್ಳೆಂದು ನಕ್ಕರು. ಚಂದ್ರವ್ವ ಅವರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಬೊಂಬೆಯ ಸೆರಗು ಜಾರಿತ್ತು. ಕೂತು ಅದನ್ನು ಸರಿಮಾಡಿದಳು. ತನ್ನ ಮುಡಿಯ ಹೂ ತೆಗೆದು ಅದಕ್ಕೆ ಮುಡಿಸಿ ಎದ್ದು ಹೋದಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಆಮೇಲೆ ಯಾರು ಆ ಹೆಸರು ಹಿಡಿದು ಕರೆದರೂ ಅವಳು ಓಗೊಡಲಿಲ್ಲ. ಬೊಂಬೆ ಮಾತ್ರ ಮೊದಲ ಸಾಲಿನಲ್ಲೇ ಕೂರುತ್ತಿತ್ತು, ಅವನು ಸಾಯುವವರೆಗೂ.

ಗುರು ಮತ್ತೆ ಮೊರ ಎತ್ತಿಕೊಂಡರು.

"ಎಂಥ ಪಾಪಿ ಅವನು!" ಎಂದ ಶಿಷ್ಯ, ಕಣ್ಣೊರೆಸಿಕೊಳ್ಳುತ್ತ. "ಆದರೆ ನನ್ನ ಕೇಳುಗರಿಗೆ ಏನು ಹೆಸರಿಡಲಿ ಎಂದು ತಾವು ಹೇಳಲೇ ಇಲ್ಲ" ಎಂದ.

ಗುರು ಜಗಲಿಯ ಕಡೆ ನೋಡಿದರು.

"ನಿನ್ನ ಗಂಟು ಹೊತ್ತು ಬೆಟ್ಟ ಹತ್ತಿದರಲ್ಲ, ಆ ತಾಯಿಯ ಹೆಸರೇನು?"

ಶಿಷ್ಯ ಹೆಸರು ಕೇಳಲೆಂದು ಎದ್ದು ಜಗಲಿಗೆ ನಡೆದ.